ಬೇಜಾರು ಮಾಡಿದ, ಬೇಜಾರು ಮಾಡಿಕೊಂಡೆ

ಹೋದ ವರ್ಷ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ತಟ್ಟೆ, ಮುಂದೆ ಇನ್ನೂ ಮೂವತ್ತು ಜನ. ಹಿಂದಿದ್ದ ಹೆಣ್ಣುಮಗಳೊಬ್ಬರು ‘ಅಂಕಣ ಬರೆಯೋರು ನೀವೇ ಅಲ್ವಾ?’ ಎಂದು ಮಾತು ಶುರುಮಾಡಿದರು. ಸಾಲು ಬಿಸಿಬೇಳೆಬಾತಿನ ಹತ್ತಿರ ಬರುವಷ್ಟರಲ್ಲಿ ಅವರ ದನಿ ತಗ್ಗಿತ್ತು. ‘ಆರು ತಿಂಗಳಿಂದ ಕೌನ್ಸೆಲರ್ ಹತ್ರ ಹೋಗ್ತಿದೀನಿ. ನಿನ್ನ ಭಾವನೆಗೆ ನೀನೇ ಜವಾಬ್ದಾರಿ ಅಂತಾರೆ. ಹಾಗಂದ್ರೆ ನಮ್ಮನೇಲಿ ಆಗಿದ್ದೆಲ್ಲ ನನ್ನದೇ ತಪ್ಪು ಅಂತಾನಾ?’

ಅಷ್ಟರಲ್ಲಿ ಅವರ ಮಗು ನೀರು ಕೇಳಿತು, ಸಾಲು ಮುಂದೆ ಸರಿಯಿತು, ನಾನು ಉತ್ತರ ಹೇಳಲಿಲ್ಲ. ಆಮೇಲೆ ಅದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ನನಗೆ ಎದುರಾಗುತ್ತಲೇ ಇದೆ. ಇಲ್ಲಿ ಮೆಲ್ಬರ್ನಿನಲ್ಲಿ, ಟಾರ್ನೀಟಿನ ಅಪ್ಪನೊಬ್ಬ ಮಗ ಮಾತು ಬಿಟ್ಟಿದ್ದಾನೆಂದು ಕೇಳಿದ. ಪಾಯಿಂಟ್ ಕುಕ್‌ನ ಸೊಸೆ ಅತ್ತೆಯ ಮುನಿಸಿನ ಬಗ್ಗೆ ಕೇಳಿದಳು. ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಿಂದ ಹಿರಿಯರೊಬ್ಬರು ಫೋನು ಮಾಡಿ, ‘ಮನೆಯವರ ಮೂಡು ಕೆಟ್ಟರೆ ಅದಕ್ಕೂ ನಾನೇ ಹೊಣೆಯೇ?’ ಎಂದರು. ಎಲ್ಲರ ಕೊರಳಲ್ಲೂ ಒಂದೇ ಭಯ. ‘ಜವಾಬ್ದಾರಿ’ ಎಂಬ ಮಾತು ಅವರ ಕಿವಿಗೆ ‘ತಪ್ಪು’ ಎಂದು ಕೇಳಿಸುತ್ತಿದೆ. ಇವೆರಡೂ ಬೇರೆ ಬೇರೆ ಎನ್ನುವುದು ನನ್ನ ನಂಬಿಕೆ. ನಾವು ಇಡೀ ದಿನ ಆಡುವ ಕನ್ನಡದಲ್ಲೇ ಅದಕ್ಕೆ ಪುರಾವೆ ಇದೆ ಎಂದೂ ನನಗೆ ಅನ್ನಿಸುತ್ತದೆ.

ಮೂರು ವಾಕ್ಯ ತೆಗೆದುಕೊಳ್ಳಿ. ‘ಅವನು ನಂಗೆ ಬೇಜಾರು ಮಾಡಿದ.’ ‘ನಂಗೆ ಬೇಜಾರಾಯ್ತು.’ ‘ನಾನು ಬೇಜಾರು ಮಾಡ್ಕೊಂಡೆ.’ ಮೊದಲನೆಯದರಲ್ಲಿ ಕೆಲಸ ಮಾಡಿದವನು ಅವನು, ನಾನು ಬರೀ ಅನುಭವಿಸಿದವನು. ಎರಡನೆಯದರಲ್ಲಿ ಮಾಡಿದವರೇ ಇಲ್ಲ. ಬೇಜಾರು ಮಳೆಯ ಹಾಗೆ ತಾನಾಗಿ ಆಯಿತು. ಕೋಪ ಬಂತು, ಅಳು ಬಂತು, ನಾಚಿಕೆಯಾಯ್ತು ಎನ್ನುವುದೂ ಹೀಗೆಯೇ. ಮೂರನೆಯದರಲ್ಲಿ ‘ಕೊಳ್ಳು’ ಎಂಬ ಪುಟ್ಟ ಕ್ರಿಯಾಪದ ಬಂದು ಕೂತಿದೆ. ಅಡುಗೆ ಮಾಡಿಕೊಂಡೆ, ಬಟ್ಟೆ ಒಗೆದುಕೊಂಡೆ ಎನ್ನುವಾಗ ಬರುವ ಕೊಳ್ಳು ಅದು. ನಾನೇ ಮಾಡಿದ್ದು, ಅದರ ಫಲವೂ ನನಗೇ. ಯಾರನ್ನಾದರೂ ಸಮಾಧಾನ ಮಾಡುವಾಗ ‘ಬೇಜಾರು ಮಾಡ್ಕೋಬೇಡ’ ಎನ್ನುತ್ತೇವಲ್ಲ, ಆಗಿದ್ದು ಆಗಿಹೋಯಿತು, ಇನ್ನು ಮುಂದಿನದು ಸ್ವಲ್ಪವಾದರೂ ನಿನ್ನ ಕೈಯಲ್ಲಿದೆ ಎಂಬ ನಂಬಿಕೆ ಆ ಮಾತಿನ ಹೊಟ್ಟೆಯಲ್ಲಿದೆ.

ಜಗಳದಲ್ಲಿ ನಾವೆಲ್ಲ ಮೊದಲನೆಯ ವಾಕ್ಯದಲ್ಲೇ ಬೀಡು ಬಿಡುತ್ತೇವೆ. ನೀನು ಹೀಗಂದೆ, ನೀನು ಹಾಗೆ ಮಾಡಿದೆ, ನಿಮ್ಮಮ್ಮ ಅವತ್ತು ಏನಂದರು ಗೊತ್ತಾ. ಆ ವಾಕ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅವನು ನಿಜವಾಗಿ ಬೇಜಾರು ಮಾಡಿಯೇ ಇರುತ್ತಾನೆ. ಆದರೆ ಅಲ್ಲೇ ನಿಂತರೆ ನನ್ನ ನೆಮ್ಮದಿಯ ಬೀಗದಕೈ ಅವನ ಜೇಬಿನಲ್ಲೇ ಉಳಿಯುತ್ತದೆ. ಮಳೆ ಬಂದದ್ದಕ್ಕೆ ಯಾರೂ ಹೊಣೆಯಲ್ಲ. ನಮ್ಮ ಸೂರಿನ ನೀರು ಪಕ್ಕದ ಮನೆಯ ಗೋಡೆಗೆ ಹರಿದರೆ ಅದಕ್ಕೆ ನಾವೇ ಹೊಣೆ ಎನ್ನುವುದನ್ನು ಮಲೆನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೋಪದ ಲೆಕ್ಕವೂ ಅಷ್ಟೇ.

ನನ್ನ ಮನೆಯದೇ ಒಂದು ಸಂಜೆ ಹೇಳುತ್ತೇನೆ. ಜುಲೈ ತಿಂಗಳು. ಅಮ್ಮ ತೀರ್ಥಹಳ್ಳಿ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಸದರ್ನ್ ಕ್ರಾಸ್‌ನಲ್ಲಿ ರೈಲು ತಡವಾಗಿ, ವೆರಿಬೀ ನಿಲ್ದಾಣದಲ್ಲಿಳಿದು ಮನೆ ಸೇರುವಷ್ಟರಲ್ಲಿ ಏಳು ದಾಟಿತ್ತು. ಹೆಂಡತಿ, ಮಗಳು ಈಜು ತರಗತಿ ಮುಗಿಸಿ ನನ್ನ ಜೊತೆಜೊತೆಗೇ ಬಾಗಿಲಿಗೆ ಬಂದರು. ಹೊರಗೆ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ. ಬಾಗಿಲು ತೆಗೆದರೆ ಒಳಗೂ ಅಷ್ಟೇ ಚಳಿ. ಅಮ್ಮ ಸೋಫಾದ ಮೂಲೆಯಲ್ಲಿ ಎರಡು ಸ್ವೆಟರ್ ತೊಟ್ಟು, ತಲೆಗೆ ಅಪ್ಪನ ಹಳೆಯ ಕಂದು ಮಫ್ಲರ್ ಸುತ್ತಿಕೊಂಡು, ಕಾಲು ಮಡಚಿ ಕೂತಿದ್ದಳು. ಬೆಳಿಗ್ಗೆ ನಾವು ಹೊರಟ ಮೇಲೆ ಹೀಟರ್ ಆರಿಸಿದವಳು ಮತ್ತೆ ಹಾಕಿರಲೇ ಇಲ್ಲ.

‘ಎಷ್ಟು ಸಲ ಹೇಳೋದು ನಿಂಗೆ? ಇಲ್ಲಿ ಕಾಯಿಲೆ ಬಿದ್ರೆ ಯಾರು ನೋಡ್ಕೋತಾರೆ? ನನ್ನ ಮಾನ ತೆಗೀಬೇಕು ಅಂತಾನೇ ಬಂದಿದೀಯಾ?’ ಕೊನೆಯ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಮೇಲೆ ಕೇಳಿಸಿತು. ಮಗಳು ಒದ್ದೆ ಟವೆಲ್ ಹಿಡಿದುಕೊಂಡು ನಿಂತಲ್ಲೇ ನಿಂತಳು. ಅಮ್ಮ ಏನೂ ಅನ್ನಲಿಲ್ಲ. ಎದ್ದು ಹೀಟರ್ ಹಾಕಿದಳು, ಅಡುಗೆಮನೆಗೆ ಹೋಗಿ ರೊಟ್ಟಿ ಬಿಸಿ ಮಾಡಿದಳು, ಎಲ್ಲರಿಗೂ ಬಡಿಸಿದಳು. ತಾನು ಉಣ್ಣಲಿಲ್ಲ.

ರಾತ್ರಿ ಹೆಂಡತಿಗೆ ‘ಅಮ್ಮಂಗೆ ನೀನೇ ಸ್ವಲ್ಪ ತಿಳಿಸಿ ಹೇಳು’ ಎಂದೆ. ‘ಕೂಗಿದ್ದು ನೀವು. ಹೇಳೋದು ನಾನಾ?’ ಎಂದಳು. ಕುಟುಂಬಗಳ ಒಳಸುಳಿಯನ್ನು ಜೀವಮಾನವಿಡೀ ನೋಡಿದ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದನ್ನು ತ್ರಿಕೋನ ಎಂದು ಕರೆದ. ಇಬ್ಬರ ನಡುವಿನ ಬಿಸಿ ತಡೆಯಲಾಗದೆ ಹೋದಾಗ ಮೂರನೆಯವರನ್ನು ಎಳೆದು ತಂದು ಅದನ್ನು ಅವರ ಮೇಲೆ ಇಳಿಸುತ್ತೇವೆ. ನಮ್ಮಲ್ಲಿ ಆ ಮೂರನೆಯವಳು ಸಾಮಾನ್ಯವಾಗಿ ಸೊಸೆ, ಕೆಲವೊಮ್ಮೆ ಎಂಟು ವರ್ಷದ ಮಗು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಕೊತ್ತಿಗೆ ಅತ್ತೆಯ ವಿಷಯ ಗೊತ್ತೇ ಇರುವುದಿಲ್ಲ, ಪೆಟ್ಟು ಮಾತ್ರ ಅದಕ್ಕೆ.

ಅವತ್ತು ನಿದ್ದೆ ಬರಲಿಲ್ಲ. ಕೋಪದ ಪದರ ಸರಿಸಿ ನೋಡಿದರೆ ಕೆಳಗೆ ಭಯವಿತ್ತು. ಪ್ರವಾಸಿ ವೀಸಾದಲ್ಲಿ ಬಂದ ಭಾರತದ ಅಪ್ಪ-ಅಮ್ಮಂದಿರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯವಾದ ಮೆಡಿಕೇರ್ ಸಿಗುವುದಿಲ್ಲ. ವಿಮೆಯೇ ಗತಿ. ಅದರ ಕೆಳಗೆ ಇನ್ನೂ ಹಳೆಯದೊಂದು ಇತ್ತು. ಅಪ್ಪ ಆಸ್ಪತ್ರೆ ಸೇರಿದಾಗ ನಾನು ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಕಂದು ಮಫ್ಲರ್ ಸುತ್ತಿಕೊಂಡು ಚಳಿಯಲ್ಲಿ ಒಬ್ಬಳೇ ಕೂತ ಅಮ್ಮನನ್ನು ಕಂಡ ಕೂಡಲೇ ಅದೆಲ್ಲ ಒಟ್ಟಿಗೆ ಮೇಲೆದ್ದಿತ್ತು. ಅಮ್ಮ ಮಾಡಿದ್ದು ಒಂದು ಗುಂಡಿ ಒತ್ತಿದ್ದಷ್ಟೇ. ಉಳಿದದ್ದೆಲ್ಲ ನನ್ನೊಳಗೆ ಮೊದಲೇ ಇದ್ದದ್ದು.

ಬೆಳಿಗ್ಗೆ ಅಡುಗೆಮನೆಯಲ್ಲಿ ಹೇಳಿದೆ. ‘ಅಮ್ಮಾ, ನಿನ್ನೆ ಕೂಗಿದ್ದು ತಪ್ಪು. ನೀನು ಚಳೀಲಿ ಕೂತಿದ್ದು ನೋಡಿ ಭಯ ಆಯ್ತು. ಆ ಭಯಾನೇ ಕೋಪ ಮಾಡ್ಕೊಂಡೆ.’ ಅಮ್ಮ ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: ‘ನಂಗೂ ಭಯಾನೇ ಕಣೋ. ನೀವಿಬ್ರೂ ದಿನಾ ಬಿಲ್ಲು ಬಿಲ್ಲು ಅಂತ ಮಾತಾಡ್ಕೊಳ್ತೀರಿ. ನಾನು ಬಂದು ಹೊರೆ ಆದ್ನಾ ಅಂತ.’ ಇಬ್ಬರ ಭಯವೂ ಒಂದೇ ಮನೆಯಲ್ಲಿ, ಒಂದೇ ಚಳಿಯಲ್ಲಿ, ಪರಸ್ಪರ ಗೊತ್ತಿಲ್ಲದೆ ತಿಂಗಳಿಂದ ಕೂತಿತ್ತು.

ಊರಿನಲ್ಲಿದ್ದಾಗ ಇಷ್ಟು ಬಿಡಿಸಿ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ. ಅಜ್ಜ-ಅಜ್ಜಿ ಮಾತು ಬಿಟ್ಟರೆ ಚಿಕ್ಕಮ್ಮ ನಡುವೆ ಓಡಾಡುತ್ತಿದ್ದಳು. ಪಕ್ಕದ ಮನೆಯವರು ಹಲಸಿನಹಣ್ಣು ಹಿಡಿದು ಬಂದರೆ ಮುಖದ ಗಂಟು ಸಡಿಲಾಗಲೇಬೇಕಿತ್ತು. ಕನ್ನಡದ ಮನೆಗಳಲ್ಲಿ ‘ಕ್ಷಮಿಸು’ ಎಂದು ಯಾರೂ ಹೇಳುವುದನ್ನು ನಾನು ಕೇಳಿಲ್ಲ. ‘ಕಾಫಿ ಕುಡೀತೀಯಾ?’ ಎನ್ನುವುದೇ ಕ್ಷಮೆ, ಲೋಟ ತೆಗೆದುಕೊಳ್ಳುವುದೇ ಮನ್ನಣೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹತ್ತು ಜನರಿದ್ದ ಮನೆಯದು. ಅಲ್ಲಿ ಒಬ್ಬರ ಮನಸ್ಸಿನ ಭಾರ ಹತ್ತು ಹೆಗಲಿಗೆ ಹಂಚಿಹೋಗುತ್ತಿತ್ತು. ಇಲ್ಲಿ ಮೂರು ಕೋಣೆಯ ಮನೆ, ಕೆಲಸಕ್ಕೆ ಹೋಗುವ ಇಬ್ಬರು, ಬೇಲಿಯಾಚೆ ಹೆಸರೂ ಗೊತ್ತಿಲ್ಲದ ನೆರೆಯವರು. ಉಂಡು ಮಲಗಿದರೆ ಜಗಳವೂ ಪಕ್ಕದಲ್ಲೇ ಮಲಗಿದ್ದು ಬೆಳಿಗ್ಗೆ ನಮಗಿಂತ ಮೊದಲು ಏಳುತ್ತದೆ. ವಲಸೆ ಬಂದವರು ಡ್ರೈವಿಂಗ್ ಕಲಿತ ಹಾಗೆ ಮನಸ್ಸನ್ನು ಬಾಯಿಬಿಟ್ಟು ಹೇಳುವುದನ್ನೂ ಹೊಸದಾಗಿ ಕಲಿಯಬೇಕಾಗಿದೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

‘ನಾನು ಜಗಳ ಆಡಲಿಲ್ಲ, ಸುಮ್ಮನಿದ್ದುಬಿಟ್ಟೆ’ ಎಂದು ಕೆಲವರು ಸಮಾಧಾನದಿಂದ ಹೇಳುತ್ತಾರೆ. ಆ ಸುಮ್ಮನಿರುವಿಕೆಯ ಬಗ್ಗೆ ನನಗೆ ಅನುಮಾನವಿದೆ. 1970ರ ದಶಕದಲ್ಲಿ ಎಡ್ ಟ್ರಾನಿಕ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದ. ಕೂಸಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನು ಮಾಡಿದರೂ ಅಮ್ಮನ ಮುಖ ಬದಲಾಗದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ಮಾತು ಬಿಟ್ಟ ಗಂಡನೆದುರು ಹೆಂಡತಿ, ಮುನಿಸಿಕೊಂಡ ತಾಯಿಯೆದುರು ಹದಿಹರೆಯದ ಮಗ ಪಡುವ ಪಾಡು ಇದಕ್ಕಿಂತ ತುಂಬಾ ಬೇರೆಯಲ್ಲ. ಅದೇ ಟ್ರಾನಿಕ್ ಕಂಡುಕೊಂಡ ಇನ್ನೊಂದು ಸಂಗತಿ ನನಗೆ ದೊಡ್ಡ ಧೈರ್ಯ ಕೊಟ್ಟಿದೆ. ಚೆನ್ನಾಗಿ ಹೊಂದಿಕೊಂಡ ತಾಯಿ-ಮಗು ಕೂಡ ಒಂದೇ ತಾಳದಲ್ಲಿರುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು. ಕೂಡಿಸಿಕೊಳ್ಳುವ ಅಭ್ಯಾಸದಿಂದಲೇ ಮಗುವಿಗೆ ನಂಬಿಕೆ ಬರುತ್ತದೆ. ಕೂಗದ ಅಪ್ಪ ಆಗುವುದು ನನ್ನ ಕೈಲಿ ಆಗದಿರಬಹುದು. ಕೂಗಿದ ಮೇಲೆ ಹಿಂದಿರುಗಿ ಬರುವ ಅಪ್ಪ ಆಗಬಹುದು. ಒದ್ದೆ ಟವೆಲ್ ಹಿಡಿದು ನಿಂತಿದ್ದ ಮಗಳ ಹತ್ತಿರವೂ ಅವತ್ತು ಹೋಗಿ ಕೂತು, ‘ನಾನು ಕೂಗಿದ್ದಕ್ಕೆ ನೀನೂ ಅಜ್ಜಿಯೂ ಕಾರಣ ಅಲ್ಲ’ ಎಂದು ಹೇಳಿದೆ. ಆ ಮಾತು ಕೇಳಿದ ಮೇಲೆಯೇ ಅವಳು ಅತ್ತದ್ದು.

ಈಗ ತಪ್ಪು ಮತ್ತು ಹೊಣೆಯ ವಿಚಾರ. ಆಸ್ಟ್ರೇಲಿಯಾದಲ್ಲಿ ಒಂದು ಕಾಲಕ್ಕೆ ವಿಚ್ಛೇದನ ಬೇಕೆಂದರೆ ಸಾಮಾನ್ಯವಾಗಿ ತಪ್ಪು ಯಾರದೆಂದು ಕೋರ್ಟಿನಲ್ಲಿ ತೋರಿಸಬೇಕಾಗಿತ್ತು. ವ್ಯಭಿಚಾರ, ಕ್ರೌರ್ಯ, ತೊರೆದು ಹೋದದ್ದು, ಹೀಗೆ 1959ರ ಕಾನೂನಿನಲ್ಲಿ 14 ಕಾರಣಗಳ ಪಟ್ಟಿಯೇ ಇತ್ತು. 1975ರ ಕುಟುಂಬ ಕಾನೂನು 1976ರ ಜನವರಿ 5ರಂದು ಜಾರಿಗೆ ಬಂದಾಗ ಆ ಪಟ್ಟಿಯನ್ನೇ ಕಿತ್ತುಹಾಕಿತು. ಹನ್ನೆರಡು ತಿಂಗಳು ಬೇರೆಯಾಗಿದ್ದು, ಸಂಸಾರ ಸರಿಹೋಗುವ ಹಾಗಿಲ್ಲ ಎಂದಾದರೆ ಸಾಕು. ತಪ್ಪಿನ ಪ್ರಶ್ನೆ ಹೋಯಿತು, ಹೊಣೆಯ ಪ್ರಶ್ನೆ ಹೋಗಲಿಲ್ಲ. 1995ರಲ್ಲಿ ಅದೇ ಕಾನೂನನ್ನು ತಿದ್ದಿ, ಮಗು ಯಾರ ವಶಕ್ಕೆ ಎಂಬ ಭಾಷೆಯ ಬದಲಿಗೆ ತಂದೆ-ತಾಯಿಯ ಜವಾಬ್ದಾರಿ ಎಂಬ ಭಾಷೆ ತಂದರು. ಯಾರು ಮುರಿದರು ಎಂದು ಕೇಳುವುದನ್ನು ಬಿಟ್ಟ ಕಾನೂನು, ಇನ್ನು ಮುಂದೆ ಯಾರು ಏನು ನೋಡಿಕೊಳ್ಳುತ್ತೀರಿ ಎಂದು ಕೇಳಲು ಶುರುಮಾಡಿತು. ಒಡೆದ ಮನೆಗಳಿಗೆ ಕಾನೂನು ಕಲಿಸಿದ ಈ ಪಾಠವನ್ನು ಒಡೆಯದ ಮನೆಗಳಲ್ಲಿ ನಾವೇ ಕಲಿತರೆ ಎಷ್ಟು ಚೆನ್ನ.

ಇನ್ನೊಂದು ಉದಾಹರಣೆ ಇಲ್ಲಿನ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆಲ್ಲ ಗೊತ್ತು. ವೆರಿಬೀ ಎಂಬ ಹೆಸರೇ ಈ ನೆಲದ ಮೂಲನಿವಾಸಿಗಳ ನುಡಿಯಿಂದ ಬಂದದ್ದು, ಬೆನ್ನೆಲುಬು ಎಂದು ಅದರ ಅರ್ಥ ಹೇಳುತ್ತಾರೆ. ಅವರ ಮಕ್ಕಳನ್ನು ದಶಕಗಟ್ಟಲೆ ಸರ್ಕಾರವೇ ತಾಯಂದಿರ ಮಡಿಲಿನಿಂದ ಕಿತ್ತುಕೊಂಡು ಹೋದ ಕಥೆ 1997ರ ಒಂದು ವರದಿಯಲ್ಲಿ ದಾಖಲಾಯಿತು. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಯಾಕೆ ಹೊಣೆ ಎಂಬ ವಾದದಲ್ಲಿ ಹತ್ತು ವರ್ಷ ಕಳೆಯಿತು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಎದ್ದು ನಿಂತು ದೇಶದ ಪರವಾಗಿ ಕ್ಷಮೆ ಕೇಳಿದರು. ಆ ಮಕ್ಕಳನ್ನು ಒಯ್ದವರು ಅವರಲ್ಲ. ಆದರೂ ಹೊಣೆ ಹೊತ್ತರು. ನಮ್ಮ ಹಳೆಗನ್ನಡದಲ್ಲಿ ‘ಪೊಣೆ’ ಎಂದರೆ ಜಾಮೀನು. ಸಾಲ ಮಾಡಿದವನು ಬೇರೆ ಇರಬಹುದು, ಇದಕ್ಕೆ ನಾನಿದ್ದೇನೆ ಎಂದು ಮುಂದೆ ಬಂದು ನಿಲ್ಲುವವನು ಪೊಣೆ. ಹೊಣೆ ಎನ್ನುವ ನಮ್ಮ ಮಾತಿನ ಬೇರು ಅಲ್ಲಿದೆ.

ಹಾಗೆಂದು ಎಲ್ಲರ ಮನಸ್ಸಿಗೂ ಹೊಣೆ ಹೊರುತ್ತಾ ಹೋಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವುದೇ ಅದು. ಅಪ್ಪನಿಗೆ ಸಿಟ್ಟು ಬರಬಾರದು, ಅತ್ತೆಗೆ ಬೇಜಾರಾಗಬಾರದು, ಗಂಡನ ಮುಖ ಬಾಡಬಾರದು. ಮನೆಯವರ ಮುಖ ನೋಡುತ್ತಾ ನೋಡುತ್ತಾ ಅವರಿಗೆ ತಮಗೇನಾಗಿದೆ ಎನ್ನುವುದೇ ಮರೆತುಹೋಗಿರುತ್ತದೆ. ಅದಕ್ಕೆ ಅಮ್ಮ ಹೇಳಿದ ಶಬ್ದವೇ ಸರಿ, ಹೊರೆ. ನನ್ನ ಕೋಪಕ್ಕೆ ನಾನು ಹೊಣೆ, ನನ್ನ ಮಾತಿನಿಂದ ನಿನಗಾದ ನೋವನ್ನು ಕೇಳಿಸಿಕೊಳ್ಳುವುದಕ್ಕೂ ನಾನು ಹೊಣೆ. ನೀನು ಯಾವತ್ತೂ ಬೇಜಾರಾಗದ ಹಾಗೆ ನೋಡಿಕೊಳ್ಳುವುದು ಯಾರ ಕೈಯಲ್ಲೂ ಸಾಧ್ಯವಿಲ್ಲದ ಕೆಲಸ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಹೊಡೆಯುವುದು, ಹೆದರಿಸುವುದು, ಸಂಬಳ ಕಿತ್ತುಕೊಳ್ಳುವುದು, ವೀಸಾ ರದ್ದು ಮಾಡಿಸುತ್ತೇನೆ ಎಂದು ಬೆದರಿಸುವುದು ನಡೆಯುತ್ತಿದ್ದರೆ ಅಲ್ಲಿ ಈ ಅಂಕಣದ ಮಾತು ನಡೆಯುವುದಿಲ್ಲ. ಹೊಡೆದವನೇ ‘ನೀನು ಬೇಜಾರು ಮಾಡ್ಕೊಂಡಿದ್ದು ನಿನ್ನ ಸಮಸ್ಯೆ’ ಎಂದರೆ ಅದು ಹೊಣೆಯ ಮಾತನ್ನು ದೊಣ್ಣೆ ಮಾಡಿಕೊಂಡದ್ದು. ವಿಕ್ಟೋರಿಯಾದಲ್ಲಿ ಕೌಟುಂಬಿಕ ಹಿಂಸೆಯ ಬಗ್ಗೆ ನಡೆದ ರಾಯಲ್ ಕಮಿಷನ್ 2016ರಲ್ಲಿ 227 ಶಿಫಾರಸುಗಳನ್ನು ಕೊಟ್ಟಿತು, ಸರ್ಕಾರ ಎಲ್ಲವನ್ನೂ ಒಪ್ಪಿತು. ಇದು ಮನೆಯೊಳಗಿನ ವಿಷಯವೆಂದು ಮುಚ್ಚಿಡುವ ಕಾಲ ಹೋಗಿದೆ. ಜೀವಕ್ಕೆ ಅಪಾಯವೆಂದರೆ 000, ಮಾತಾಡಬೇಕೆಂದರೆ ಹಗಲೂ ರಾತ್ರಿಯೂ 1800 737 732. ಇಂಗ್ಲಿಷ್ ಕಷ್ಟವಾದರೆ 131 450ಕ್ಕೆ ಕರೆಮಾಡಿ ದುಭಾಷಿಯನ್ನು ಕೇಳಬಹುದು. ಹಿಂಸೆಯಿಲ್ಲದೆಯೂ ಮನಸ್ಸು ಕುಗ್ಗಿದ್ದರೆ, ಮೆಡಿಕೇರ್ ಇರುವವರು ತಮ್ಮ ಜಿಪಿಯ ಹತ್ತಿರ ಮಾನಸಿಕ ಆರೋಗ್ಯದ ಯೋಜನೆ ಬರೆಸಿಕೊಂಡರೆ ವರ್ಷಕ್ಕೆ ಹತ್ತು ಭೇಟಿಯವರೆಗೆ ರಿಯಾಯಿತಿ ಸಿಗುತ್ತದೆ. ಕೌನ್ಸೆಲರ್ ಹತ್ತಿರ ಹೋಗುವುದನ್ನು ಊರಿಗೆ ಹೇಳಬೇಕಾಗಿಲ್ಲ, ನಾಚಬೇಕಾಗಿಯೂ ಇಲ್ಲ.

ನಮ್ಮ ವೆರಿಬೀಯ ಪಕ್ಕದಲ್ಲೇ, ಜೀಲಾಂಗಿಗೆ ಹೋಗುವ ಹೆದ್ದಾರಿಯ ಎಡಕ್ಕೆ, ಸುಮಾರು 10,500 ಹೆಕ್ಟೇರಿನ ಒಂದು ಜಾಗವಿದೆ. ಮೆಲ್ಬರ್ನಿನ ಕೊಳಚೆಯ ಹತ್ತಿರ ಹತ್ತಿರ ಅರ್ಧದಷ್ಟು ಅಲ್ಲಿಗೆ ಬರುತ್ತದೆ. 1880ರ ದಶಕದಲ್ಲಿ ಆ ನಗರ ತನ್ನ ಹೊಲಸನ್ನು ಬೀದಿಯ ಚರಂಡಿಗೂ ಯಾರಾ ನದಿಗೂ ಬಿಡುತ್ತಿತ್ತು, ಟೈಫಾಯ್ಡಿನಿಂದ ಜನ ಸಾಯುತ್ತಿದ್ದರು. 1897ರಲ್ಲಿ ವೆರಿಬೀಯ ಈ ವ್ಯವಸ್ಥೆ ಶುರುವಾಯಿತು. ಅವಸರವಿಲ್ಲದೆ, ಕೊಳದಿಂದ ಕೊಳಕ್ಕೆ, ವಾರಗಟ್ಟಲೆ ಹರಿದು ನೀರು ತಿಳಿಯಾಗುತ್ತದೆ. ಆ ಕೊಳಗಳಿಗೆ ಈಗ ಮುನ್ನೂರರ ಹತ್ತಿರದಷ್ಟು ಜಾತಿಯ ಹಕ್ಕಿಗಳು ಬರುತ್ತವೆ, ಸೈಬೀರಿಯಾದಿಂದ ಹಾರಿಬಂದ ಪುಟ್ಟ ಹಕ್ಕಿಗಳೂ ಇರುತ್ತವೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನಮ್ಮ ಮನೆಯ ಸಿಟ್ಟು ಸೆಡವು ನೆನಪಾಗುತ್ತವೆ. ಹೊಲಸು ಇಲ್ಲದ ಊರಿಲ್ಲ. ಅದನ್ನು ಬೀದಿಗೆ ಬಿಡುತ್ತೇವೋ, ಅದಕ್ಕೊಂದು ಜಾಗ ಮಾಡಿ ನಿಧಾನವಾಗಿ ತಿಳಿಯಾಗಲು ಬಿಡುತ್ತೇವೋ ಎನ್ನುವುದು ಊರಿನವರಿಗೆ ಬಿಟ್ಟದ್ದು.

ಊಟದ ಸಾಲಿನಲ್ಲಿ ನನ್ನನ್ನು ಕೇಳಿದ ಹೆಣ್ಣುಮಗಳೇ, ಇದನ್ನು ಓದುತ್ತಿದ್ದರೆ ನನ್ನ ತಡವಾದ ಉತ್ತರ ಇಷ್ಟು. ನಿಮ್ಮ ಮನೆಯಲ್ಲಿ ಆಗಿದ್ದೆಲ್ಲ ನಿಮ್ಮ ತಪ್ಪಲ್ಲ. ತಪ್ಪಿನ ಲೆಕ್ಕ ಹಾಕಲು ಕೂತರೆ ಅದು ಮುಗಿಯುವುದೂ ಇಲ್ಲ. ನಿಮ್ಮ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ನೋಡುವ, ಅದಕ್ಕೆ ಸರಿಯಾದ ಹೆಸರಿಟ್ಟು ಹೇಳುವ, ಬೇಡವೆನಿಸಿದ್ದಕ್ಕೆ ಬೇಡ ಎನ್ನುವ ಹಕ್ಕು ನಿಮ್ಮದು. ನಿಮ್ಮ ಕೌನ್ಸೆಲರ್ ಜವಾಬ್ದಾರಿ ಎಂದದ್ದು ಬಹುಶಃ ಈ ಹಕ್ಕನ್ನೇ.

ಕಳೆದ ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದೆ. ನಮಗೆ ಮಧ್ಯಾಹ್ನ ಎರಡೂವರೆ, ಅವಳಿಗೆ ಬೆಳಿಗ್ಗೆ ಹತ್ತು. ಹಿಂದೆ ಹಂಚಿನ ಮೇಲೆ ಮಳೆಯ ಸದ್ದು. ಯಾವಾಗಲೂ ‘ನಾವೆಲ್ಲ ಆರಾಮ, ನೀನು ಚಿಂತೆ ಮಾಡಬೇಡ’ ಎನ್ನುವವಳು ಅವತ್ತು, ‘ಯಾಕೋ ಎರಡು ದಿನದಿಂದ ಬೇಜಾರು ಮಾಡ್ಕೊಂಡು ಕೂತಿದೀನಿ ಕಣೋ’ ಎಂದಳು. ಅಮ್ಮನ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ಕೂಡಲೇ ತಮ್ಮನಿಗೆ ಫೋನು ಮಾಡಬೇಕು, ಟಿಕೆಟ್ ನೋಡಬೇಕು ಎಂದು ನನ್ನ ಹಳೆಯ ಗಾಬರಿ ಮೇಲೆದ್ದಿತು. ಅದನ್ನು ಅಲ್ಲೇ ಕೂರಿಸಿ ‘ಹೇಳಮ್ಮಾ’ ಎಂದೆ. ಇಪ್ಪತ್ತು ನಿಮಿಷ ಹೇಳಿದಳು. ಅಡಿಕೆಗೆ ಕೊಳೆರೋಗ, ತೀರಿಕೊಂಡ ಪಕ್ಕದ ಮನೆಯ ಗೆಳತಿ, ಹತ್ತಿರ ಬರುತ್ತಿರುವ ಅಪ್ಪನ ತಿಥಿ. ನಾನು ಕೇಳಿಸಿಕೊಂಡೆ, ಅಷ್ಟೇ. ಮಾತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಪರದೆಯೊಳಗಿನಿಂದ ನನ್ನ ಹಿಂದಿನ ಗೋಡೆಯತ್ತ ಕಣ್ಣು ಹಾಯಿಸಿ ಕೇಳಿದಳು: ‘ಹೀಟರ್ ಹಾಕ್ಕೊಂಡಿದೀರಾ ತಾನೇ? ಬಿಲ್ಲಿನ ಮುಖ ನೋಡಬೇಡಿ.’